ಬೂತಾಯಿ ಎಷ್ಟು ತಾಜಾ? ಸೆನ್ಸರ್ ಪಟ್ಟಿಯಲ್ಲಿ ಅಳೆದ ನನ್ನ ಅನುಭವ

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ (ದೋಣಿಯಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಆಗ ಕಾಸರಗೋಡಿನ ಮಾರುಕಟ್ಟೆಗೆ ಹೊರಗಿನಿಂದ ಐಸ್ ಹಾಕಿದ ಮೀನು ಜಾಸ್ತಿ ಬರುತ್ತದೆ. ಕಣ್ಣು, ಕಿವಿರು ನೋಡಿ ತಾಜಾತನ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಬೂತಾಯಿಯ (ಸಾರ್ಡಿನ್ ಮೀನಿನ) ತಾಜಾತನ ಅಂಕಿಯಲ್ಲಿ ಬೇಕಿತ್ತು.

ಅಳೆಯಲು ಆರಿಸಿಕೊಂಡದ್ದು ಹೈಪೋಕ್ಸಾಂಥೀನ್. ಮೀನು ಸತ್ತ ಮೇಲೆ ಮಾಂಸದಲ್ಲಿರುವ, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ವಸ್ತು ಹಂತಹಂತವಾಗಿ ಒಡೆಯುತ್ತದೆ. ನಡುವೆ ಸಿಗುವ ಐಎಂಪಿ ಮೀನಿಗೆ ರುಚಿ ಕೊಡುತ್ತದೆ. ಅದು ಕರಗುತ್ತಾ ಇನೋಸಿನ್ ಆಗಿ, ಆಮೇಲೆ ಕಹಿಯಾದ ಹೈಪೋಕ್ಸಾಂಥೀನ್ ಆಗುತ್ತದೆ.

ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಇದನ್ನು ಯೂರಿಕ್ ಆಮ್ಲವಾಗಿ ಬದಲಿಸುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆ ಪೆರಾಕ್ಸೈಡನ್ನು ಪಟ್ಟಿಯಲ್ಲಿ ಕರೆಂಟ್ ಆಗಿ ಅಳೆದರೆ ಹೈಪೋಕ್ಸಾಂಥೀನ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ನಾನು ಬಳಸಿದ ಕಿಣ್ವ ಹಸುವಿನ ಹಾಲಿನಿಂದ ತೆಗೆದದ್ದು. ಅದನ್ನು ಇಂಗಾಲದ ಪಟ್ಟಿಯ ಮೇಲೆ ಹಿಡಿದಿಡಲು ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಬಳಸುತ್ತೇನೆ. ಅದನ್ನು ಬಿಗಿಯಾಗಿ ಬೆಸೆಯಲು ಹಾಕುವ ಗ್ಲುಟರಾಲ್ಡಿಹೈಡ್ ತೀರಾ ತೆಳುವಾಗಿರಬೇಕು, ಜಾಸ್ತಿಯಾದರೆ ಕಿಣ್ವವೇ ಸಾಯುತ್ತದೆ. ಇಲ್ಲಿನ ಮಳೆಗಾಲದಲ್ಲಿ ಪಟ್ಟಿಗೆ ಹಾಕಿದ ಕಿಣ್ವದ ಹನಿ ತಾನಾಗಿ ಒಣಗುವುದಿಲ್ಲ. ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲೇ ಒಣಗಿಸಿ, ಪಟ್ಟಿಗಳನ್ನು 4 ಡಿಗ್ರಿಯಲ್ಲಿ ಇಡುತ್ತೇನೆ.

ಕಿಣ್ವದ ಕೆಳಗಿನ ಪದರ ಪ್ರಷ್ಯನ್ ಬ್ಲೂ ಎಂಬ ನೀಲಿ ವರ್ಣದ್ರವ್ಯದ ನ್ಯಾನೋಕಣಗಳದ್ದು. ಸಿಟ್ರಿಕ್ ಆಮ್ಲ ಬೆರೆಸಿದ ಫೆರಿಕ್ ಕ್ಲೋರೈಡ್‌ಗೆ ಪೊಟ್ಯಾಸಿಯಂ ಫೆರೋಸಯನೈಡ್ ಹನಿಸಿದರೆ ಕ್ಷಣದಲ್ಲಿ ಗಾಢ ನೀಲಿ ಬರುತ್ತದೆ. ಪೆರಾಕ್ಸೈಡನ್ನು ಪ್ಲಾಟಿನಂ ಮೇಲೆ ಅಳೆಯಲು ಸುಮಾರು 0.6 ವೋಲ್ಟ್ ಬೇಕು. ಅಷ್ಟು ಕೊಟ್ಟರೆ ಯೂರಿಕ್ ಆಮ್ಲ, ಆಸ್ಕಾರ್ಬಿಕ್ ಆಮ್ಲಗಳೂ ಕರೆಂಟ್ ಕೊಟ್ಟು ಲೆಕ್ಕ ಕೆಡಿಸುತ್ತವೆ. ಪ್ರಷ್ಯನ್ ಬ್ಲೂ ಇದ್ದರೆ ಸೊನ್ನೆ ವೋಲ್ಟ್ ಹತ್ತಿರವೇ ಕೆಲಸ ಆಗುತ್ತದೆ. ಆದರೆ ಇಲ್ಲೊಂದು ಎಳೆದಾಟ ಇದೆ. ಕಿಣ್ವಕ್ಕೆ ಸ್ವಲ್ಪ ಕ್ಷಾರ ಇಷ್ಟ, ಪ್ರಷ್ಯನ್ ಬ್ಲೂ ಕ್ಷಾರದಲ್ಲಿ ಸವೆಯುತ್ತದೆ. ಹಾಗಾಗಿ ಪಿಎಚ್ 7ರ ಆಸುಪಾಸಿನಲ್ಲಿ ನಿಂತೆ. ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಪೊಟ್ಯಾಸಿಯಂನದ್ದೇ ಆಗಬೇಕು. ಆ ನೀಲಿಯ ಜಾಲದೊಳಗೆ ಪೊಟ್ಯಾಸಿಯಂ ಅಯಾನು ಸಲೀಸಾಗಿ ಹೋಗಿಬರುತ್ತದೆ, ಸೋಡಿಯಂ ಹಾಗಲ್ಲ.

ಶುದ್ಧ ಬಫರ್‌ನಲ್ಲಿ ಹೈಪೋಕ್ಸಾಂಥೀನ್ ಹೆಚ್ಚಿದಂತೆ ಕರೆಂಟ್ ಏರುವ ಚಂದದ ಗೆರೆ ಬಂತೆಂದು ನೆಚ್ಚಿ ಕೂರಬಾರದು. ನಿಜವಾದ ಪರೀಕ್ಷೆ ಮೀನಿನ ರಸದಲ್ಲೇ. ಬೂತಾಯಿಯ ಮಾಂಸವನ್ನು ತಣ್ಣಗಿನ ಪರ್ಕ್ಲೋರಿಕ್ ಆಮ್ಲದಲ್ಲಿ ಅರೆದರೆ ಪ್ರೋಟೀನ್ ಗಟ್ಟಿಯಾಗಿ ಬೇರಾಗುತ್ತದೆ. ಸೋಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಆಮ್ಲ ಇಳಿಸಿದಾಗ ಬಿಳಿ ಹರಳು ತಳ ಸೇರುತ್ತದೆ. ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಅದಕ್ಕೆ ಗೊತ್ತಿರುವಷ್ಟು ಹೈಪೋಕ್ಸಾಂಥೀನ್ ಸೇರಿಸಿ, ಕರೆಂಟ್ ಎಷ್ಟು ಏರಿತು ನೋಡಿದೆ. ಬಫರ್‌ನಲ್ಲಿ ಏರಿದಷ್ಟು ಇಲ್ಲಿ ಏರಲಿಲ್ಲ. ಅಂದರೆ ಬಫರ್‌ನ ಗೆರೆ ಹಿಡಿದು ಲೆಕ್ಕ ಹಾಕಿದ್ದರೆ ಹಳೆ ಮೀನೂ ತಾಜಾ ಎಂದು ಬರುತ್ತಿತ್ತು, ಅಲ್ವಾ? ಅಂದಿನಿಂದ ಪ್ರತಿ ಸ್ಯಾಂಪಲ್‌ಗೂ ಹೀಗೆ ಸೇರಿಸಿಯೇ ಅಳೆಯುತ್ತೇನೆ.

2018ರಲ್ಲಿ ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕಿದ ಮೀನು ಕೇರಳದಲ್ಲಿ ಸಿಕ್ಕಿಬಿದ್ದದ್ದರಿಂದ ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ. ಈ ಪಟ್ಟಿ ಫಾರ್ಮಾಲಿನ್ ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ತಾಜಾ ಎನ್ನಲು ಬೂತಾಯಿಗೆ ಹಾಕಿದ ಹೈಪೋಕ್ಸಾಂಥೀನ್ ಮಿತಿ ಬಂಗುಡೆಗೂ ನಡೆಯುವುದಿಲ್ಲ. ಒಂದೊಂದು ಜಾತಿಯಲ್ಲಿ ಹೈಪೋಕ್ಸಾಂಥೀನ್ ಏರುವ ವೇಗ ಬೇರೆ. ಈಗ ಬಂಗುಡೆಯನ್ನು ಐಸ್‌ನಲ್ಲಿಟ್ಟು ದಿನ ಕಳೆದಂತೆ ಅದರಲ್ಲಿ ಹೈಪೋಕ್ಸಾಂಥೀನ್ ಏರುವ ಗೆರೆ ಎಳೆಯುತ್ತಿದ್ದೇನೆ.