ಹವಳದ ದಿಬ್ಬಗಳ ನಡುವೆ ಹಾಯಿದೋಣಿ: ನೀರಿನ ಬಣ್ಣ ನೋಡಿ ಸಾಗಿ

ಹವಳದ ದಿಬ್ಬ ಸುತ್ತಿಕೊಂಡಿರುವ ದ್ವೀಪಕ್ಕೆ ಹೋಗುವವರು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ ಒಳಸೇರುವ ಹಾಗೆ ಲೆಕ್ಕ ಹಾಕಿಕೊಳ್ಳಿ. ಸೂರ್ಯ ಮೇಲಿರಬೇಕು, ಬೆನ್ನ ಹಿಂದಿದ್ದರೆ ಇನ್ನೂ ಒಳ್ಳೆಯದು. ಎದುರು ಬಿಸಿಲಿಗೆ ನೀರು ಬರೀ ಹೊಳೆಯುತ್ತದೆ, ಅಡಿಯಲ್ಲಿ ಏನಿದೆ ಅಂತ ಕಾಣುವುದೇ ಇಲ್ಲ. ಪೋಲರೈಸ್ಡ್ ಕನ್ನಡಕ (ನೀರಿನ ಮೇಲಿನ ಹೊಳಪು ತಗ್ಗಿಸುವ ಕನ್ನಡಕ) ಹಾಕಿಕೊಂಡ ಒಬ್ಬರು ದೋಣಿಯ ಮುಂಭಾಗದಲ್ಲಿ ನಿಂತು ನೋಡಲಿ.

ಕಡು ನೀಲಿ ಅಂದರೆ ಆಳ. ತಿಳಿ ಹಸಿರು ಅಂದರೆ ಮರಳಿನ ಮೇಲೆ ಕಡಿಮೆ ನೀರು. ಕಂದು, ಹಳದಿ ಕಂಡರೆ ಹವಳ ಮೇಲೆಯೇ ಇದೆ, ದೂರ ಇರಿ. ಮೋಡದ ನೆರಳೂ ಹಾಗೇ ಕಾಣಿಸಿ ಸುಮ್ನೆ ಗಾಬರಿ ಮಾಡುತ್ತದೆ. ಆದರೆ ನೆರಳು ಸರಿಯುತ್ತದೆ, ಹವಳ ಸರಿಯುವುದಿಲ್ಲ ಅಲ್ವಾ! ಜಿಪಿಎಸ್ ನಕ್ಷೆಯನ್ನು ಜಾಸ್ತಿ ನಂಬಬೇಡಿ, ಕೆಲವು ಕಡೆ ಸರ್ವೆ ತುಂಬಾ ಹಳೆಯದು.

ಲಂಗರನ್ನು ಮರಳಿನಲ್ಲೇ ಹಾಕಿ, ಸರಪಳಿಯನ್ನು ಆಳದ 5 ಪಟ್ಟಾದರೂ ಬಿಡಿ. ಸರಪಳಿ ಎಳೆದಾಡಿದರೆ ಹವಳ ಪುಡಿಯಾಗುತ್ತದೆ.