ಅಟ್ಟದ ಹಲಗಿ ಕಿರ್ರ್ ಅಂದ್ರ ಮೊಳಿ ಹೊಡಸಬ್ಯಾಡ್ರಿ

ಧಾರವಾಡದ ಹಳೇ ಓಣಿಗಳಾಗ ಇನ್ನೂ ಸಾಗವಾನಿ ಜಂತಿ ಮ್ಯಾಲೆ ಹಲಗಿ ಬಡದಿರೋ ಅಟ್ಟದ ಮನಿ ಅದಾವು, ನಮ್ಮದೂ ಅಂಥಾದ್ದ. ರಾತ್ರಿ ಮ್ಯಾಲೆ ಒಬ್ರು ನೀರು ಕುಡಿಯಾಕ ಎದ್ರ ಕೆಳಗ ಮಲಗಿದ್ದ ಕೂಸು ಎದ್ದು ಅಳತಿತ್ತು. ಕರೆಸಿದ ಬಡಿಗ್ಯಾರು ಮೂರಿಂಚಿನ ಮೊಳಿ ಬಡದು ಹೋದ್ರು, ನಾಕ ತಿಂಗಳಿಗೆ ಮತ್ತ ಅದ ಸಪ್ಪಳ, ಮ್ಯಾಲೆ ಎದ್ದ ಮೊಳಿ ತಲಿಗೆ ಅವ್ವನ ಸೀರಿ ಅಂಚು ಸಿಕ್ಕು ಹರೀತು.

ಮಳಿಗಾಲದಾಗ ಕಟಗಿ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ, ಹಂಗಾಗಿ ಮೊಳಿ ಸಡಿಲಾಗಿ ಹಲಗಿಗೂ ಜಂತಿಗೂ ನಡುವ ಸಂದು ಬೀಳತೈತಿ, ಕಾಲಿಟ್ಟಾಗ ಹಲಗಿ ಮೊಳಿಗೆ ಉಜ್ಜೋದ ಆ ಸಪ್ಪಳ. ಅದಕ್ಕ ಈ ಕೆಲಸ ಏಪ್ರಿಲ್-ಮೇದಾಗ ಮಾಡ್ರಿ. ಶ್ರಾವಣದಾಗ ಕಟಗಿ ಉಬ್ಬಿ ಸಪ್ಪಳ ತಾನ ಅಡಗಿರತೈತಿ, ರಿಪೇರಿ ಆತು ಅನ್ಕೊಂತೀರಿ.

ಒಬ್ರು ಮ್ಯಾಲೆ ನಡೀರಿ, ಒಬ್ರು ಕೆಳಗ ನಿಂತು ಖಡುವಿನಿಂದ ಗುರುತು ಹಾಕ್ರಿ. ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡ್ರಿ, ಮೆತ್ತಗ ಒಳಗ ಹೋತಂದ್ರ ಗೆದ್ದಲ ತಿಂದೈತಿ, ಹಲಗೀನ ಬದಲಿ ಮಾಡಬೇಕು.

ಹಲಗಿ ಗಟ್ಟಿ ಇದ್ರ ಮೊಳಿ ಬದಲಿ ಸ್ಕ್ರೂ ಹಾಕ್ರಿ, ಆದ್ರ ಎಲ್ಲಾರೂ ಕೆಡಸೋದು ಸ್ಕ್ರೂದ ತೂತಿನಾಗ. ಒಂದಿಂಚಿನ ಹಲಗಿಗೆ ಎರಡೂವರಿ ಇಂಚಿನ 8 ನಂಬರ್ ಸ್ಕ್ರೂ ತಗೋರಿ, ಸಾಲಾಗಿ ಕಾಣೋ ಹಳೇ ಮೊಳಿ ಕೆಳಗ ಜಂತಿ ಇರತೈತಿ, ಅದರ ಬಾಜೂಕ ತೂತು ಮಾಡ್ರಿ. ಹಲಗಿಗೆ 5 ಎಂಎಂ ಡ್ರಿಲ್ ಬಿಟ್, ಸ್ಕ್ರೂ ಅದರಾಗ ಸಡಿಲ ಇಳೀಬೇಕು. ಬಿಟ್‌ಗೆ ಒಂದಿಂಚಿಗೆ ಟೇಪ್ ಸುತ್ತಿಟ್ರ ಜಂತಿಗೆ ಇಳಿಯೂದಿಲ್ಲ. ಆಮ್ಯಾಲೆ ಅದ ತೂತಿನೊಳಗ 3 ಎಂಎಂ ಬಿಟ್ ಇಳಿಸಿ ಜಂತಿಗೆ ತೂತು. ಎರಡಕ್ಕೂ ಒಂದ ಸಣ್ಣ ಬಿಟ್ ಹಾಕಿದ್ರ ಸ್ಕ್ರೂದ ಥ್ರೆಡ್ (ಸುರುಳಿ ಹಲ್ಲು) ಹಲಗಿಯೊಳಗೂ ಕಚ್ಚತೈತಿ, ಎಷ್ಟ ತಿರುವಿದ್ರೂ ನಡುವಿನ ಸಂದು ಹಂಗ ಉಳೀತೈತಿ. ಸ್ಕ್ರೂಗೆ ಮೇಣ ಸವರಿ, ಹಲಗಿ ಮ್ಯಾಲೆ ಪೂರಾ ಭಾರ ಹಾಕಿ ನಿಂತು ಟೈಟ್ ಮಾಡ್ರಿ. ಸೋವಿ ಅಂತ ಜಿಪ್ಸಮ್ ಬೋರ್ಡಿನ ಕರೀ ಸ್ಕ್ರೂ ತರಬ್ಯಾಡ್ರಿ, ಸಾಗವಾನಿಯೊಳಗ ಕುತಿಗಿ ಮುರದು ಅಲ್ಲೇ ಕೂಡತಾವು.

ಹಲಗಿ-ಹಲಗಿ ಉಜ್ಜತಿದ್ರ ಸಂದಿಯೊಳಗ ಟಾಲ್ಕಮ್ ಪೌಡರ್ ತುಂಬ್ರಿ. ಎಣ್ಣಿ ಬ್ಯಾಡ, ಧೂಳ ಹಿಡದು ಅಂಟಾಗಿ ಕಲಿ ಬೀಳತೈತಿ.

ಕೆಳಗಿಂದ ಸಂದು ಕಂಡ್ರ ತೆಳ್ಳನ ಕಟಗಿ ಚಕ್ಕಿಗೆ ಫೆವಿಕಾಲ್ ಹಚ್ಚಿ ಕೈಲೆ ಒತ್ತಿ ತೂರಸ್ರಿ, ಸುತ್ತಿಗಿ ಮುಟ್ಟಬ್ಯಾಡ್ರಿ, ಹಲಗಿ ಮ್ಯಾಲೆದ್ದು ಬಾಜೂದ್ದೂ ಕಿರ್ರ್ ಅನ್ನಾಕ ಹತ್ತತೈತಿ.

ಸ್ಕ್ರೂ ತಲಿ ಮ್ಯಾಲೆ ಕಟಗಿ ಪುಡಿ, ಫೆವಿಕಾಲ್ ಕಲಸಿ ತುಂಬಿ ಒಂದ ರಾತ್ರಿ ಬಿಡ್ರಿ, ಮುಂಜಾನೆ ಪಾಲಿಶ್ ಪೇಪರಲೆ ತಿಕ್ಕ್ರಿ.