ಲೈಟ್‌ಗೆ ಪ್ರಾಸ ಹುಡುಕುವಾಗ ನಾನು ಮಾಡುವುದು

ಮಕ್ಕಳಿಗಾಗಿ ಇಂಗ್ಲಿಷ್‌ನಲ್ಲಿ ಪುಟ್ಟ ಪದ್ಯಗಳನ್ನು ಬರೆಯುತ್ತೇನೆ. ಪ್ರಾಸ ಬೇಕಾದಾಗ ನನ್ನದೊಂದು ಉಪಾಯವಿದೆ: ಪದವನ್ನು ಮೊದಲು ಕನ್ನಡ ಲಿಪಿಯಲ್ಲಿ ಬರೆದುಬಿಡುವುದು.

ಲೈಟ್ ಅನ್ನೇ ತಗೊಳ್ಳಿ. ಹೈಟ್ ಮತ್ತು ವೇಟ್ ಎರಡರ ಇಂಗ್ಲಿಷ್ ಸ್ಪೆಲಿಂಗ್‌ಗೂ ಬಾಲ ಒಂದೇ: ಇ, ಐ, ಜಿ, ಎಚ್, ಟಿ. ಕಣ್ಣಿಗೆ ಒಳ್ಳೆ ಜೋಡಿ. ಕನ್ನಡದಲ್ಲಿ ಬರೆದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಹೈಟ್ ಲೈಟ್ ಜೊತೆ ನಿಲ್ಲುತ್ತದೆ, ವೇಟ್ ಹೊರಗೆ. ಸ್ಪೆಲಿಂಗ್ ನೋಡಿದರೆ ಸಂಬಂಧವೇ ಇಲ್ಲದ ಕೈಟ್, ಬೈಟ್, ವೈಟ್ ಸಾಲಾಗಿ ಬಂದು ಸೇರಿಕೊಳ್ಳುತ್ತವೆ.

ನಮ್ಮ ಹಳೆಯ ಕಾವ್ಯದ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದಾಗಬೇಕು, ಅದರ ಸ್ವರ ಬೇರೆ ಇದ್ದರೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಹೇಳುವಾಗ ಒತ್ತು ಬೀಳುವ ಸ್ವರದಿಂದ ಕೊನೆಯವರೆಗೆ ಎಲ್ಲ ಒಂದೇ ಇರಬೇಕು, ಆ ಸ್ವರದ ಹಿಂದಿನ ವ್ಯಂಜನ ಅಥವಾ ವ್ಯಂಜನಗಳ ಗುಂಪು ಮಾತ್ರ ಬೇರೆ ಇರಬೇಕು. ಅದಕ್ಕೇ ಡಿಲೈಟ್, ಪೊಲೈಟ್ ಎರಡನ್ನೂ ನಾನು ಲೈಟ್ ಜೊತೆ ಕೂರಿಸುವುದಿಲ್ಲ. ಮೂರರಲ್ಲೂ ಒತ್ತು ಬೀಳುವ ತುಂಡು ‘ಲೈಟ್’ ಅನ್ನುವುದೇ ಅಲ್ಲವೇ! ಅದು ಪ್ರಾಸ ಅಲ್ಲ, ಸುಮ್ನೆ ಅದೇ ಸದ್ದನ್ನು ಮತ್ತೆ ಹೇಳಿದ ಹಾಗೆ.

ಪಟ್ಟಿ ಸಿಕ್ಕಿತು ಅಂತ ಪದ್ಯ ಶುರು ಮಾಡುವುದಿಲ್ಲ. ಯಾವ ಲೈಟ್ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಬೆಳಕಿನ ಲೈಟ್ ಬೇರೆ, ಹಗುರದ ಲೈಟ್ ಬೇರೆ. ಇವು ಬೇರೆ ಬೇರೆ ಮೂಲದ ಪದಗಳು, ಸವೆದು ಸವೆದು ಒಂದೇ ರೂಪಕ್ಕೆ ಬಂದಿವೆ. ಜರ್ಮನ್‌ನಲ್ಲಿ ಇವತ್ತಿಗೂ ಬೆಳಕು ಲಿಖ್ಟ್, ಹಗುರ ಲೈಖ್ಟ್. ಇಂಗ್ಲಿಷ್ ಸ್ಪೆಲಿಂಗ್‌ನ ನಡುವೆ ಮೂಕವಾಗಿ ಕೂತಿರುವ ಜಿ-ಎಚ್ ಕೂಡ ಒಂದು ಕಾಲದಲ್ಲಿ ಹೀಗೇ ಉಸಿರುಜ್ಜಿದಂತೆ ಕೇಳಿಸುತ್ತಿತ್ತು. (ಪ್ರಾಣಿಗಳ ಶ್ವಾಸಕೋಶಕ್ಕೆ ಅಡುಗೆಯವರ ಇಂಗ್ಲಿಷ್‌ನಲ್ಲಿ ಲೈಟ್ಸ್ ಅನ್ನುತ್ತಾರೆ. ಬೇರೆ ಅಂಗಗಳಿಗಿಂತ ಹಗುರ ಅಂತ. ಮಕ್ಕಳ ಪದ್ಯಕ್ಕೆ ಬೇಡ ಬಿಡಿ.)

ಬೆಳಕಿನ ಅರ್ಥ ಹಿಡಿದರೆ ನೈಟ್, ಬ್ರೈಟ್, ಸೈಟ್ ಕರೆಯದೇ ಬರುತ್ತವೆ. ಅದೇ ಅವುಗಳ ತೊಂದರೆ. ಮೊದಲ ಸಾಲು ಕೇಳಿದ ಮಗು ಎರಡನೆಯದನ್ನು ತಾನೇ ಮುಗಿಸಿಬಿಡುತ್ತದೆ. ಹಗುರದ ಅರ್ಥಕ್ಕೆ ಹೊರಳಿದರೆ ಕೈಟ್, ಫ್ಲೈಟ್, ಹೈಟ್, ಸ್ಲೈಟ್. ಇಲ್ಲಿ ಆಡಲು ಜಾಗ ಜಾಸ್ತಿ. ನಾನು ಉಳಿಸಿಕೊಂಡ ಜೋಡಿಸಾಲು ಇದು:

ದ ಸ್ಟ್ರಿಂಗ್ ಈಸ್ ಥಿನ್, ದ ಫ್ರೇಮ್ ಈಸ್ ಲೈಟ್,
ದ ವಿಂಡ್ ಹ್ಯಾಸ್ ಕಮ್ ಟು ಫೆಚ್ ಮೈ ಕೈಟ್.

ದಾರ ತೆಳು, ಚೌಕಟ್ಟು ಹಗುರ, ಗಾಳಿಪಟವನ್ನು ಕರೆದೊಯ್ಯಲು ಗಾಳಿ ಬಂದಿದೆ. ಪಟದ ಹೆಸರು ಕೊನೆಯವರೆಗೂ ಬರುವುದಿಲ್ಲ. ದಾರ, ಚೌಕಟ್ಟು ಅಂದಾಗ ಮಗು ಊಹೆ ಶುರು ಮಾಡಿರುತ್ತದೆ. ಲೈಟ್ ಅಂದಾಗ ದೀಪದ ಕಡೆ ಓಡದೆ ಹಗುರದ ಕಡೆಗೇ ನಿಲ್ಲಲಿ ಅಂತ ತೆಳು ಅನ್ನುವುದನ್ನು ಮೊದಲೇ ಇಟ್ಟೆ.

ಕನ್ನಡ ಲಿಪಿ ತೋರಿಸದ ಒಂದು ಸಂಗತಿ ಅಂದರೆ ಒತ್ತು. ಮೂನ್‌ಲೈಟ್ ಬರೆದರೆ ಕೈಟ್‌ಗೆ ಪಕ್ಕಾ ಪ್ರಾಸ ಅನ್ನಿಸುತ್ತದೆ. ಒತ್ತು ಇರುವುದು ಮೂನ್ ಮೇಲೆ. ಇಂಥ ಅನುಮಾನ ಬಂದಾಗ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ (ಸಿಎಂಯು) ಉಚ್ಚಾರಣೆ ನಿಘಂಟು ನೋಡುತ್ತೇನೆ, ಆನ್‌ಲೈನ್‌ನಲ್ಲಿ ಉಚಿತ. ಅದರಲ್ಲಿ ಪ್ರತಿ ಸ್ವರದ ಪಕ್ಕ ಒಂದು ಅಂಕಿ ಇರುತ್ತದೆ. 1 ಅಂದರೆ ಮುಖ್ಯ ಒತ್ತು, 2 ಅಂದರೆ ಎರಡನೇ ದರ್ಜೆಯದು, 0 ಅಂದರೆ ಒತ್ತಿಲ್ಲ. ಮೂನ್‌ಲೈಟ್‌ನ ಲೈಟ್‌ಗೆ ಸಿಕ್ಕಿರುವುದು 2. ಹಾಗಾಗಿ ಸಾಲಿನ ಕೊನೆಗೆ ಹಾಕುವುದಿಲ್ಲ, ನಡುವೆ ಎಲ್ಲಾದರೂ ಇಡುತ್ತೇನೆ.

ಲೈಟರ್ ಆದಾಗ ಎರಡು ಉಚ್ಚಾರಾಂಶವೂ ಹೊಂದಬೇಕು: ರೈಟರ್, ಫೈಟರ್, ಟೈಟರ್. ಅಮೆರಿಕದವರ ಬಾಯಲ್ಲಿ ರೈಟರ್, ರೈಡರ್ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಅಲ್ಲಿನ ಮಕ್ಕಳಿಗೆ ಬರೆಯುವಾಗ ಸ್ಪೈಡರ್ ಕೂಡ ಪಟ್ಟಿಗೆ ಸೇರುತ್ತದೆ.